ಯಾರ ಸೀರೆ, ಯಾವ ಸಂಸ್ಕೃತಿ?

ಸೀರೆ ನಮ್ಮ ಸನಾತನ ಸಂಸ್ಕೃತಿ, ಭಾರತೀಯ ನಾರಿಯ ಗೌರವ ಎಂದು ಹೇಳುವವರಿಗೆ ಬರವಿಲ್ಲ. ವೇದಿಕೆಯ ಭಾಷಣದಲ್ಲಿ, ಶಾಲೆಯ ಪ್ರಬಂಧದಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ ಇದೇ ರಾಗ. ಈ ರಾಗಕ್ಕೆ ರೂಪ ಕೊಟ್ಟವರಲ್ಲಿ ರಾಜಾ ರವಿವರ್ಮ ದೊಡ್ಡವರು. ಅವರ ಒಂದು ಚಿತ್ರವನ್ನೇ ಎದುರಿಗಿಟ್ಟುಕೊಂಡು ಮಾತಾಡೋಣ.

1889ರ ಸುಮಾರಿಗೆ ಮೈಸೂರು ಮಹಾರಾಜರಿಗಾಗಿ ಬರೆದ ಆ ಚಿತ್ರ ಈಗಲೂ ಜಗನ್ಮೋಹನ ಅರಮನೆಯಲ್ಲಿದೆ. ಹನ್ನೊಂದು ಮಂದಿ ಹೆಂಗಸರು ಸಂಗೀತಕ್ಕೆಂದು ಒಟ್ಟಿಗೆ ಸೇರಿದ್ದಾರೆ. ನಾಯರ್ ಹೆಣ್ಣು, ಮರಾಠಿ ಹೆಣ್ಣು, ಮುಸ್ಲಿಂ ಹೆಣ್ಣು, ಪಾರ್ಸಿ ಹೆಣ್ಣು, ಹೀಗೆ ಒಬ್ಬೊಬ್ಬರದು ಒಂದೊಂದು ಉಡುಗೆ. ರೇಷ್ಮೆಯ ಹೊಳಪು, ನೆರಿಗೆಯ ನೆರಳು ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಕಲೆಗಾರನ ಕೈಚಳಕವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಡೀ ಭಾರತವೇ ಇದರಲ್ಲಿದೆ ಅಂತ ಹೊಗಳ್ತಾರಲ್ಲ, ಅದನ್ನು ಹೇಗೆ ಒಪ್ಪೋದು? ಮಂಡಿಗಂಟ ಸೀರೆ ಎತ್ತಿಕಟ್ಟಿ ಕೆಸರಲ್ಲಿ ನಾಟಿ ಹಾಕುವವಳು ಎಲ್ಲಿ? ಮಣ್ಣಿನ ಮಂಕರಿ ಹೊರುವವಳು ಎಲ್ಲಿ? ಈ ಭಾರತದಲ್ಲಿ ಪ್ರಾಂತಗಳಿವೆ, ಭಾಷೆಗಳಿವೆ, ಧರ್ಮಗಳಿವೆ. ದುಡಿಯುವ ಕೆಳಜಾತಿಯ ಹೆಣ್ಣು ಮಾತ್ರ ಇಲ್ಲ.

ಕಲಾವಿದ ಇದನ್ನು ಕಾಣದೆ ಬೆಳೆದವನೇ? ರವಿವರ್ಮ ಹುಟ್ಟಿದ್ದು 1848ರಲ್ಲಿ, ತಿರುವಾಂಕೂರಿನ ಕಿಳಿಮಾನೂರಿನಲ್ಲಿ. ಮೇಲ್ಜಾತಿಯವರ ಎದುರು ಕೆಳಜಾತಿಯ ಹೆಣ್ಣು ಎದೆ ಮುಚ್ಚಬಾರದು ಎಂಬ ಕಟ್ಟಳೆ ಇದ್ದ ಸೀಮೆ ಅದು. ನಾಡಾರ್ ಹೆಂಗಸರು ನಾಯರ್ ಹೆಂಗಸರಂತೆ ಮೇಲುವಸ್ತ್ರ ಹೊದೆಯಕೂಡದು ಎಂದು 1829ರಲ್ಲಿ ರಾಜಾಜ್ಞೆಯೇ ಹೊರಟಿತ್ತು. ಹೊದ್ದವರ ಬಟ್ಟೆಯನ್ನು ಬೀದಿಯಲ್ಲಿ ಹರಿದರು. ಆ ಹೆಂಗಸರು ಬಗ್ಗಲಿಲ್ಲ. ದಶಕಗಳ ಹೋರಾಟದ ಮೇಲೆ 1859ರಲ್ಲಿ ಮುಚ್ಚಿಕೊಳ್ಳುವ ಹಕ್ಕು ಸಿಕ್ಕಿತು. ಅಲ್ಲೂ ಒಂದು ಕೊಕ್ಕೆ: ರವಿಕೆ ತೊಡಿ, ಇಲ್ಲವೇ ಒರಟು ಬಟ್ಟೆ ಹೊದಿರಿ, ಆದರೆ ಮೇಲ್ಜಾತಿಯವರ ರೀತಿಯಲ್ಲಿ ಮಾತ್ರ ಬೇಡ! ಆಗ ರವಿವರ್ಮನಿಗೆ ಹನ್ನೊಂದು ವರ್ಷ. ಮುಂದೆ 1894ರಲ್ಲಿ ಮುಂಬಯಿಯಲ್ಲಿ ಅವರ ಮುದ್ರಣಾಲಯ ಶುರುವಾಯಿತು. ಸೀರೆಯುಟ್ಟ ಲಕ್ಷ್ಮಿ, ಸರಸ್ವತಿಯರು ಅಚ್ಚಾಗಿ ಮನೆಮನೆಗೆ ಬಂದರು. ದೇವತೆಗೆ ಮೈತುಂಬ ಸೀರೆ ಉಡಿಸಿದ ಕುಂಚಕ್ಕೆ, ತನ್ನ ನಾಡಿನಲ್ಲೇ ಮೇಲುವಸ್ತ್ರಕ್ಕಾಗಿ ಏಟು ತಿಂದ ಹೆಣ್ಣು ಚಿತ್ರಕ್ಕೆ ಯೋಗ್ಯಳಾಗಿ ಕಾಣಲಿಲ್ಲ.

ಇದು ದೂರದ ಸೀಮೆಯ ಹಳೇ ಕತೆ ಅಂತ ತಳ್ಳಿಹಾಕುವ ಹಾಗಿಲ್ಲ. ನಮ್ಮ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಏನಾಯಿತು? ದೇವತೆಗೆ ಸೀರೆ, ಭಕ್ತೆಗೆ ಬೆತ್ತಲೆ ಸೇವೆ. ಆ ಭಕ್ತರಲ್ಲಿ ಬಹುಪಾಲು ದಲಿತರು, ಹಿಂದುಳಿದವರು. 1986ರಲ್ಲಿ ಇದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನು ಹೊಡೆದು ಬೆತ್ತಲೆ ಮಾಡಿದರು, ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಉಡಿಸುವುದೂ ಪರಂಪರೆ, ಬಿಚ್ಚಿಸುವುದೂ ಪರಂಪರೆ. ಯಾರಿಗೆ ಯಾವುದು ಎಂದು ತೀರ್ಮಾನಿಸಿದ್ದು ಮಾತ್ರ ಜಾತಿ.

ಹಾಗಾದರೆ ಸೀರೆಯನ್ನೇ ಬಿಸಾಡಬೇಕೆ? ನಾವು ಹಾಗೆ ಹೇಳುತ್ತಿಲ್ಲ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟ ಮೇಲೆ ಬಾಬಾಸಾಹೇಬರು ಹೆಣ್ಣುಮಕ್ಕಳೊಂದಿಗೆ ಸೀರೆಯ ಬಗ್ಗೆಯೇ ಮಾತಾಡಿದರು. ನೀವು ಸೀರೆ ಉಡುವ ರೀತಿಯೇ ನಿಮ್ಮನ್ನು ಅಸ್ಪೃಶ್ಯರೆಂದು ಸಾರುತ್ತದೆ, ಆ ಗುರುತನ್ನು ಅಳಿಸಿ, ಮೇಲ್ಜಾತಿಯ ಹೆಂಗಸರಂತೆ ಉಡಿ, ಇದಕ್ಕೆ ಕಾಸು ಖರ್ಚಿಲ್ಲ ಎಂಬುದು ಅವರ ಮಾತಿನ ಸಾರ. ಇದು ಬರೀ ಅನುಕರಣೆ ಅಂತ ಮೂಗು ಮುರಿಯುವ ಬುದ್ಧಿಜೀವಿಗಳಿದ್ದಾರೆ. ತಿರುವಾಂಕೂರಿನ ದೊರೆ ತಡೆದದ್ದು ಇದೇ ಅನುಕರಣೆಯನ್ನಲ್ಲವೆ? ಮೇಲಿನವರಿಗೆ ಅಷ್ಟು ಭಯ ಹುಟ್ಟಿಸಿದ್ದು ಬರೀ ನಕಲು ಆಗಿರಲಾರದು. ಯಜಮಾನರು ಕೊಟ್ಟ ಗುರುತನ್ನು ಮೈಮೇಲಿಂದ ಕಿತ್ತೆಸೆಯುವುದು ಬಂಡಾಯ.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಮಾತು. 'ಸೀರೆ ನಮ್ಮ ಸಂಸ್ಕೃತಿ' ಎಂದು ಮಕ್ಕಳಿಂದ ಪ್ರಬಂಧ ಬರೆಸುವ ಮುನ್ನ, ಅವರನ್ನು ಅಜ್ಜಿಯರ ಹತ್ತಿರ ಕಳಿಸಿ. ಗೌಡರ ಬೀದಿಯಲ್ಲಿ ನಡೆಯುವಾಗ ಸೀರೆ ಹೇಗೆ ಉಡಬೇಕಿತ್ತು, ಯಾರ ಹಳೇ ಸೀರೆ ಉಡುತ್ತಿದ್ದೆ, ರವಿಕೆ ಯಾವಾಗ ತೊಟ್ಟೆ ಅಂತ ಕೇಳಿಸಿ. ಅಜ್ಜಿಯರು ಹೇಳಿದ್ದನ್ನು ಹಾಗೇ ಬರೆದು ತರಲಿ.