ಟೆಲಿವಿಷನ್ನಿನ ಸಾಹಸನಾಯಕ: ಪ್ರಸಾರಕ್ರಮವೂ ಪಾತ್ರಸ್ವರೂಪವೂ

ಕಾವ್ಯದ ನಾಯಕನನ್ನು ಕವಿಯ ದರ್ಶನ ರೂಪಿಸುತ್ತದೆ. ನಾಟಕದ ನಾಯಕನಲ್ಲಿ ನಟನಿಗೂ ಪಾಲುಂಟು. ಟೆಲಿವಿಷನ್ನಿನ ಸಾಹಸನಾಯಕನ ವಿಷಯದಲ್ಲಾದರೊ ಮೂರನೆಯ ಶಕ್ತಿಯೊಂದನ್ನು ಗಣಿಸಬೇಕಾಗುತ್ತದೆ. ಅದು ಕಥೆ ಪ್ರೇಕ್ಷಕನ ಮನೆಯನ್ನು ಮುಟ್ಟುವ ಕ್ರಮ. ಈ ಕ್ರಮ ಬದಲಾದಂತೆ ವೀರನ ಸ್ವರೂಪವೂ ಬದಲಾಗಿದೆಯೆಂಬುದನ್ನು ಅಮೆರಿಕದ ಮೂರು ಕಥಾಮಾಲೆಗಳಿಂದ ತೋರಿಸುವುದು ನಮ್ಮ ಉದ್ದೇಶ.

ಎ.ಬಿ.ಸಿ. ಜಾಲದಲ್ಲಿ 1985ರಿಂದ 1992ರವರೆಗೆ ಪ್ರಸಾರವಾದ ‘ಮ್ಯಾಕ್‌ಗೈವರ್’ ವಾರಕ್ಕೊಂದು ಕಥೆಯ ಕಾಲಕ್ಕೆ ಸೇರಿದುದು. ಇಂಥ ಮಾಲೆಗಳು ಮೊದಲ ಪ್ರಸಾರದ ತರುವಾಯ ಬೇರೆ ಬೇರೆ ನಿಲಯಗಳಿಗೆ ಮಾರಾಟವಾಗಿ ಮರುಪ್ರಸಾರಗೊಳ್ಳುತ್ತಿದ್ದುವು; ಯಾವ ಕಂತನ್ನು ಎಂದು ನೋಡಿದರೂ ಅರ್ಥವಾಗಬೇಕಾಗಿತ್ತು. ಆದುದರಿಂದ ನಾಯಕನು ಒಂದು ವಾರದ ಗಾಯವನ್ನು ಮುಂದಿನ ವಾರಕ್ಕೆ ಒಯ್ಯುವುದು ವಿರಳ. ರಿಚರ್ಡ್ ಡೀನ್ ಆಂಡರ್ಸನ್ ಅಭಿನಯಿಸಿದ ಈ ನಾಯಕ ಬಂದೂಕನ್ನು ಒಲ್ಲ. ಕಿಸೆಯ ಚಾಕು, ಅಂಟುಪಟ್ಟಿ, ಕೈಗೆ ಸಿಕ್ಕ ತಂತಿ ಇವುಗಳಿಂದಲೇ ಸಂಕಟದಿಂದ ಪಾರಾಗುತ್ತಾನೆ. ಬೆಳವಣಿಗೆಯಿಲ್ಲದ ಪಾತ್ರವೆಂದು ಹಳಿಯುವುದು ಸುಲಭ. ಆದರೆ ಇಲ್ಲಿ ಬುದ್ಧಿಯೇ ಪರಾಕ್ರಮ. ವೀರರಸಕ್ಕೆ ಲಾಕ್ಷಣಿಕರು ಹೇಳಿದ ಸ್ಥಾಯಿಯಾದ ಉತ್ಸಾಹ ಇಲ್ಲಿ ಕೆಡದೆ ಉಳಿದಿದೆ.

2001ರ ನವೆಂಬರಿನಲ್ಲಿ ಫಾಕ್ಸ್ ಜಾಲ ಆರಂಭಿಸಿದ ‘24’ ಇದಕ್ಕೆ ತೀರ ಭಿನ್ನವಾದುದು. ಒಂದು ದಿನದ ಕಥೆಗೆ 24 ಕಂತುಗಳು, ಕಂತಿಗೊಂದು ಗಂಟೆ. ಜಾಹೀರಾತಿನ ವಿರಾಮದಲ್ಲಿಯೂ ಕಥೆಯ ಗಡಿಯಾರ ನಿಲ್ಲದು. ವಾಣಿಜ್ಯದ ತೊಡಕನ್ನೇ ಕಲೆಯ ಸಾಧನವಾಗಿಸಿಕೊಂಡ ಈ ಜಾಣ್ಮೆ ಮೆಚ್ಚತಕ್ಕುದು. ಕೀಫರ್ ಸದರ್‌ಲೆಂಡ್ ಅಭಿನಯಿಸಿದ ಜ್ಯಾಕ್ ಬಾವರ್ ಮಡದಿಯ ಕೊಲೆಯ ದುಃಖವನ್ನು ಹೊತ್ತೇ ಮುಂದಿನ ಕಥೆಗೆ ಬರುತ್ತಾನೆ. ಪಾತ್ರಕ್ಕೆ ಆಳ ಬಂದಿದೆ. ಆದರೆ ಸೆರೆಸಿಕ್ಕವನನ್ನು ಹಿಂಸಿಸದೆ ಗತ್ಯಂತರವಿಲ್ಲವೆಂದು ನಮ್ಮನ್ನು ಒಪ್ಪಿಸುವುದೂ ಅದೇ ಗಡಿಯಾರ. ಸಂಚಾರಿಯಾಗಿ ಬಂದುಹೋಗಬೇಕಾದ ಆವೇಗ ಇಲ್ಲಿ ಸ್ಥಾಯಿಯ ಪೀಠವನ್ನೇರಿದೆ. 2006ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದ ಡೀನರಾಗಿದ್ದ ಪ್ಯಾಟ್ರಿಕ್ ಫಿನೆಗನ್ನರು ಮಾಲೆಯ ತಯಾರಕರನ್ನು ಕಂಡು, ಇಂಥ ದೃಶ್ಯಗಳು ತರುಣ ಸೈನಿಕರ ಮೇಲೆ ಮಾಡುವ ಪರಿಣಾಮವನ್ನು ಕುರಿತು ಆಕ್ಷೇಪಿಸಿದುದು ಅಲಕ್ಷಿಸತಕ್ಕ ಸಂಗತಿಯಲ್ಲ.

ಅಮೆಜಾನ್ ಪ್ರೈಮ್ ವಿಡಿಯೊ 2022ರ ಫೆಬ್ರವರಿಯಲ್ಲಿ ಅಂತರಜಾಲದ ಮೂಲಕ ನೀಡಿದ ‘ರೀಚರ್’ ಮೂರನೆಯ ನಿದರ್ಶನ. ಲೀ ಚೈಲ್ಡ್ 1997ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿದ ಮೊದಲ ಮಾಲೆಯ ಎಂಟು ಕಂತುಗಳೂ ಒಂದೇ ದಿನ ಬಿಡುಗಡೆಯಾದುವು. ಇಲ್ಲಿ ನಿಲಯದ ವೇಳಾಪಟ್ಟಿಯ ಆಳ್ವಿಕೆಯಿಲ್ಲ. ಪ್ರೇಕ್ಷಕನೇ ಕಾಲದ ಒಡೆಯ. ಅಲನ್ ರಿಚ್‌ಸನ್ ಅಭಿನಯಿಸಿದ ನಾಯಕನಿಗೆ ಮನೆಯಿಲ್ಲ, ಗಂಟುಮೂಟೆಯಿಲ್ಲ. ಒಂದು ಊರಿನ ಕಥೆ ಮುಗಿದರೆ ಮತ್ತೊಂದು ಊರು. ಮ್ಯಾಕ್‌ಗೈವರನ ಬಿಡುವು ಮರಳಿದೆ, ಸೂಕ್ಷ್ಮ ತರ್ಕವೂ ಮರಳಿದೆ. ಮರಳದಿರುವುದು ಆ ಸಂಯಮ. ಬಾವರನಿಗೆ ಅವಸರದ ನೆವವಾದರೂ ಇತ್ತು. ಯೋಚಿಸಲು ಹೊತ್ತಿರುವ ಈತ ತಾನೇ ನ್ಯಾಯಾಧೀಶನಾಗಿ ತಾನೇ ದಂಡಿಸುತ್ತಾನೆ.

ಪ್ರಸಾರಕ್ರಮವೇ ಎಲ್ಲವನ್ನೂ ನಿರ್ಣಯಿಸುತ್ತದೆಂದು ನಾವು ಹೇಳುವುದಿಲ್ಲ. ಅದು ಕಾರಣವನ್ನು ವಿವರಿಸೀತು. ಔಚಿತ್ಯವನ್ನು ತೂಗಿನೋಡುವುದು ವಿಮರ್ಶೆಯ ಹೊಣೆ. ನಾಯಕನು ಗೆದ್ದನೆ ಎಂದು ಕೇಳುವ ವಿದ್ಯಾರ್ಥಿಯು, ಆಲೋಚಿಸಲು ಅವನಿಗೆ ಎಷ್ಟು ಹೊತ್ತು ದೊರೆತಿತ್ತು, ಆ ಹೊತ್ತಿನಲ್ಲಿ ಏನನ್ನು ಆಲೋಚಿಸಿದ ಎಂಬುದನ್ನೂ ಕೇಳಬೇಕು.