ನಾಗವಲ್ಲಿ ತೆಲುಗಿನಲ್ಲೇಕೆ ಮಾತಾಡುತ್ತಾಳೆ? ‘ಆಪ್ತಮಿತ್ರ’ದಲ್ಲಿ ಎರಡು ಕಾಲ, ಎರಡು ಭಾಷೆ

1. ಪ್ರಶ್ನೆ

ಎರಡು ಕಾಲಗಳಲ್ಲಿ ಜೊತೆಯಾಗಿ ಸಾಗುವ ಅತಿಮಾನುಷ ರಹಸ್ಯಕಥನಕ್ಕೆ ಒಂದು ಭಾಷಿಕ ಸಮಸ್ಯೆ ಇದ್ದೇ ಇರುತ್ತದೆ: ಗತಕಾಲದವರು ಯಾವ ಭಾಷೆಯಲ್ಲಿ ಮಾತಾಡಬೇಕು? ಕಾದಂಬರಿಕಾರರಿಗೆ ಅಧ್ಯಾಯದ ತಲೆಬರಹವೋ ಅಟ್ಟದ ಮೇಲೆ ಸಿಕ್ಕ ಓಲೆಗರಿಯೋ ನೆರವಿಗೆ ಬರುತ್ತದೆ. ಚಲನಚಿತ್ರದಲ್ಲಿ ಗತಕಾಲವು ಕಿವಿಗೆ ಕೇಳಿಸಬೇಕು. ಕನ್ನಡದಲ್ಲಿ ಈ ಪ್ರಕಾರದ ಬಹು ಜನಪ್ರಿಯ ಕೃತಿಯಾದ, ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ (2004) ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ನಾವಿಲ್ಲಿ ಪರಿಶೀಲಿಸುತ್ತೇವೆ. ಚಿತ್ರವು ಕಾಲದ ದೂರವನ್ನು ದೇಶದ ದೂರವನ್ನಾಗಿ ಮಾರ್ಪಡಿಸುತ್ತದೆ. ಕಥನತಂತ್ರವಾಗಿ ಇದು ಸಫಲವಾದರೂ ಗಡಿನಾಡಿನ ಪ್ರೇಕ್ಷಕರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ನಮ್ಮ ವಾದ.

ಕಥೆ ಪರಿಚಿತವೇ. ರಮೇಶ್ ಮತ್ತು ಗಂಗಾ ದಂಪತಿಗಳು ಹಳೆಯ ಅರಮನೆಯೊಂದಕ್ಕೆ ಬಂದು ನೆಲೆಸುತ್ತಾರೆ. ಹಿಂದೊಮ್ಮೆ ಅಲ್ಲಿ ಅರಸನ ಕ್ರೌರ್ಯಕ್ಕೆ ಬಲಿಯಾದ ನರ್ತಕಿ ನಾಗವಲ್ಲಿಯ ಕಥೆಯನ್ನು ಜನ ಹೇಳುತ್ತಾರೆ. ಗಂಗಾಳೇ ನಾಗವಲ್ಲಿಯಾಗತೊಡಗುತ್ತಾಳೆ, ವೈದ್ಯ ವಿಜಯ್ ಅದನ್ನು ಮನೋರೋಗವೆಂದು ಗುರುತಿಸುತ್ತಾನೆ. ಗಂಗಾ ಕನ್ನಡದವಳು, ನಾಗವಲ್ಲಿ ತೆಲುಗಿನವಳು.

2. ನೆರೆಭಾಷೆಯೆಂಬ ಗತಕಾಲ

ಮೂಲವಾದ ಮಲಯಾಳದ ‘ಮಣಿಚಿತ್ರತ್ತಾಳ್’ (1993) ಚಿತ್ರದಲ್ಲಿ ನಾಗವಲ್ಲಿ ತಮಿಳಿನವಳು. ಕನ್ನಡಕ್ಕೆ ಬಂದಾಗ ತೆಲುಗಿನವಳಾದಳು. ತಮಿಳಿನ ‘ಚಂದ್ರಮುಖಿ’ (2005) ತೆಲುಗನ್ನೇ ಉಳಿಸಿಕೊಂಡಿತು. ಹಿಂದಿಯ ‘ಭೂಲ್ ಭುಲೈಯಾ’ (2007) ಬಂಗಾಳಿಯನ್ನು ಆರಿಸಿಕೊಂಡಿತು. ಪಾತ್ರದ ಹೆಸರು, ಊರು, ಅರಸ ಎಲ್ಲವೂ ಬದಲಾದರೂ ಒಂದು ನಿಯಮ ಬದಲಾಗಿಲ್ಲ: ಸತ್ತವಳು ಪ್ರೇಕ್ಷಕರ ಭಾಷೆಯನ್ನು ಆಡಬಾರದು, ಅವರಿಗೆ ಅಷ್ಟಿಷ್ಟು ತಿಳಿಯುವ ಇನ್ನೊಂದು ಭಾಷೆಯನ್ನು ಆಡಬೇಕು. ಏನೂ ತಿಳಿಯದ ಭಾಷೆಯಾದರೆ ಅಳಲು ಮುಟ್ಟುವುದಿಲ್ಲ. ಪೂರ್ತಿ ತಿಳಿದರೆ ಭಯ ಹುಟ್ಟುವುದಿಲ್ಲ.

ತೆಲುಗಿನ ಆಯ್ಕೆಗೆ ಚಾರಿತ್ರಿಕ ಆಧಾರವಿದೆ. ಕ್ಷೇತ್ರಯ್ಯನ ಪದಗಳಿಂದ ಜಾವಳಿಗಳವರೆಗೆ ದಕ್ಷಿಣದ ಆಸ್ಥಾನ ನರ್ತಕಿಯರ ಸಾಹಿತ್ಯ ಬಹುಮಟ್ಟಿಗೆ ತೆಲುಗಿನದು. ಆದರೆ ಆ ತೆಲುಗು ಕನ್ನಡ ನಾಡಿನ ಅರಮನೆಗೆ ಹೊರಗಿನದಾಗಿರಲಿಲ್ಲ. ಮೈಸೂರು ಆಸ್ಥಾನದಲ್ಲಿಯೇ ತೆಲುಗು ರಚನೆಗಳು ನಡೆದಿದ್ದವು. ಇನ್ನೊಂದೆಡೆ, ಗತಕಾಲವನ್ನು ಕನ್ನಡದಲ್ಲಿಯೇ ಕೇಳಿಸಲು ಕನ್ನಡಕ್ಕೆ ತನ್ನದೇ ಹಳೆಯ ರೂಪಗಳಿವೆ. ಕೆಂಪುನಾರಾಯಣನ ‘ಮುದ್ರಾಮಂಜೂಷ’ (1823) ಅಂಥ ಆಸ್ಥಾನಗದ್ಯಕ್ಕೆ ಕೈಗೆಟುಕುವ ಮಾದರಿ. ಚಿತ್ರವು ಈ ದಾರಿ ಹಿಡಿಯಲಿಲ್ಲ. ಹೀಗಾಗಿ ನೆರೆಯವರ ಇಂದಿನ ಭಾಷೆ ನಮ್ಮ ನಿನ್ನೆಯ ಸ್ಥಾನದಲ್ಲಿ ಕುಳಿತಿತು.

3. ‘ಅಂತೆ’ಯಿಂದ ‘ನಾನು’ವಿಗೆ

ಚಿತ್ರದ ಬಲವಿರುವುದು ಭಾಷೆಯ ಬದಲಾವಣೆಯ ಜೊತೆಯಲ್ಲಿಯೇ ನಡೆಯುವ ಇನ್ನೊಂದು ಪಲ್ಲಟದಲ್ಲಿ. ಕಾಣದ ಸಂಗತಿಯನ್ನು ಹೇಳುವಾಗ ಕನ್ನಡವು ‘ಅಂತೆ’ ಎಂಬ ವರದಿಸೂಚಕವನ್ನು ಬಳಸುತ್ತದೆ: ‘ಅರಸ ಅವಳನ್ನು ಕೊಲ್ಲಿಸಿದನಂತೆ.’ ಆಡುವವರು ಹೊಣೆ ಹೊರದೆ ಮಾತನ್ನು ದಾಟಿಸುತ್ತಾರೆ. ಐತಿಹ್ಯಗಳೆಲ್ಲ ಈ ರೂಪದ ಆಶ್ರಯದಲ್ಲಿಯೇ ಬದುಕುತ್ತವೆ. ಗಂಗಾ ತೆಲುಗಿಗೆ ಹೊರಳಿದೊಡನೆ ವರದಿ ಕೊನೆಗೊಂಡು ಉತ್ತಮಪುರುಷ ಆರಂಭವಾಗುತ್ತದೆ. ಕೇಳಿದ ಕಥೆ ಸಾಕ್ಷಿಯ ಹೇಳಿಕೆಯಾಗುತ್ತದೆ. ಪ್ರೇಕ್ಷಕರು ಬೆಚ್ಚುವುದು ಇಲ್ಲಿ.

ಇದರ ಮರುಮುಖವೂ ಗಮನಾರ್ಹ. ‘ನಾನು ಬಂದೆನಂತೆ’ ಎಂಬುದು ಎಚ್ಚರದಲ್ಲಿರುವವರು ಸಹಜವಾಗಿ ಆಡುವ ಮಾತಲ್ಲ. ಶೈಶವ, ನಿದ್ದೆ, ಜ್ವರದ ಬಡಬಡಿಕೆ, ಮೈಮೇಲೆ ದೇವರು ಬರುವುದು ಇಂಥ ಸಂದರ್ಭಗಳಲ್ಲಿ ಮಾತ್ರ ಅದು ಒಪ್ಪುತ್ತದೆ. ವರದಿಸೂಚಕವು ಉತ್ತಮಪುರುಷದೊಡನೆ ಸೇರಿದಾಗ ಅರಿವಿನ ಅಭಾವವನ್ನು ಸೂಚಿಸುವುದು ಹಲವು ಭಾಷೆಗಳಲ್ಲಿ ಕಂಡುಬಂದಿದೆ. ಐಖೆನ್‌ವಾಲ್ಡ್ (2004) ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಮಧುಗಿರಿ, ಸಿರಾ ಕಡೆಯ ಜಾತ್ರೆಗಳಲ್ಲಿ ದೇವರು ಇಳಿದ ಮೇಲೆ ‘ನಾನು ಏನೇನೋ ಅಂದೆನಂತೆ’ ಎನ್ನುವವರ ವ್ಯಾಕರಣ ಇದೇ. ಗುಣವಾದ ಗಂಗಾಳಿಗೂ ತನ್ನ ಕೃತ್ಯಗಳು ‘ಅಂತೆ’ಯ ಮೂಲಕವೇ ದಕ್ಕಬೇಕು. ವೈದ್ಯನ ವಿವರಣೆಯನ್ನೂ ಊರಿನವರ ನಂಬಿಕೆಯನ್ನೂ ಈ ಒಂದು ಪ್ರತ್ಯಯ ಸಮಾನವಾಗಿ ಹೊರಬಲ್ಲದು. ಚಿತ್ರದ ಕೊನೆಯ ಭಾಗ ಈ ಸೂಕ್ಷ್ಮವನ್ನು ಬಿಟ್ಟು ರೋಗದ ಹೆಸರನ್ನು ನೆಚ್ಚಿಕೊಂಡಿದೆ.

4. ಪಾವಗಡದಿಂದ ನೋಡಿದರೆ

ಈವರೆಗಿನ ವಿಶ್ಲೇಷಣೆ ತೆಲುಗನ್ನು ಅಷ್ಟಿಷ್ಟು ಮಾತ್ರ ಬಲ್ಲ ಪ್ರೇಕ್ಷಕರನ್ನು ಊಹಿಸಿಕೊಂಡಿದೆ. ಕೊರಟಗೆರೆಯಿಂದ ಮಧುಗಿರಿಯನ್ನು ದಾಟಿ ಪಾವಗಡದತ್ತ ಸಾಗಿದಂತೆ ಈ ಊಹೆ ನಿಲ್ಲುವುದಿಲ್ಲ. ತುಮಕೂರು ಜಿಲ್ಲೆಗೆ ಸೇರಿದ್ದರೂ ಪಾವಗಡದ ಗಡಿ ಬಹುಪಾಲು ಆಂಧ್ರಪ್ರದೇಶಕ್ಕೆ ಅಂಟಿಕೊಂಡಿದೆ. ಮನೆಯಲ್ಲಿ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ ಎಂಬುದು ಅಲ್ಲಿನ ಅನೇಕರ ದಿನಚರಿ. ‘ಬಂದನಂತೆ’ ಎಂದ ಬಾಯಿಯೇ ಮರುಕ್ಷಣ ‘ವಚ್ಚಾಡಟ’ ಎನ್ನುತ್ತದೆ. ತೆಲುಗಿನ ‘ಅಟ’ ನಮ್ಮ ‘ಅಂತೆ’ಯ ಕೆಲಸವನ್ನೇ ಮಾಡುತ್ತದೆ. ಈ ಪ್ರೇಕ್ಷಕರಿಗೆ ಗಂಗಾಳ ಹೊರಳುವಿಕೆ ಪರಲೋಕದ ಸೂಚನೆಯಲ್ಲ, ಅಂಗಡಿಯಿಂದ ಅಡುಗೆಮನೆಗೆ ಬಂದಷ್ಟು ನಿತ್ಯದ ಸಂಗತಿ.

ಹಾಗಾದರೆ ಅವರು ಏನನ್ನು ಕೇಳಿಸಿಕೊಳ್ಳುತ್ತಾರೆ? ಎರಡು ಸಾಧ್ಯತೆಗಳು ನಮಗೆ ತೋರುತ್ತವೆ. ಭಯದ ಜಾಗದಲ್ಲಿ ಅನುಕಂಪ ಮೂಡಬಹುದು: ದೂರದ ಅರಮನೆಯಲ್ಲಿ ತನ್ನ ಮಾತನ್ನು ಬಲ್ಲವರಿಲ್ಲದೆ ಸೆರೆಯಾದ ಹೆಣ್ಣಿನ ದನಿಯಾಗಿ ಅದು ಕೇಳಬಹುದು. ಇಲ್ಲವೇ, ತಾಯಿಯ ನುಡಿಯೇ ತೆರೆಯ ಮೇಲೆ ಉನ್ಮಾದದ ಗುರುತಾದುದನ್ನು ಕಂಡು ಮುಜುಗರವಾಗಬಹುದು. ತರಗತಿಯಲ್ಲಿ ತೆಲುಗಿನ ಲೇಪವಿರುವ ಕನ್ನಡಕ್ಕಾಗಿ ನಗೆಗೀಡಾಗುವ ವಿದ್ಯಾರ್ಥಿಗೆ ಈ ಎರಡನೆಯದು ಹೊಸದೇನಲ್ಲ.

‘ಆಪ್ತಮಿತ್ರ’ದ ಮೇಲೆ ತೆಲುಗುದ್ವೇಷದ ಆರೋಪ ಹೊರಿಸುವುದು ನಮ್ಮ ಉದ್ದೇಶವಲ್ಲ, ನಾಗವಲ್ಲಿಯ ನೋವಿಗೆ ಚಿತ್ರ ಕೊಟ್ಟಿರುವ ಘನತೆ ಅದಕ್ಕೆ ಎಡೆಗೊಡದು. ನಮ್ಮ ಆಕ್ಷೇಪ ಅದರ ಭಾಷಾಭೂಪಟದ ಬಗ್ಗೆ. ಆ ಭೂಪಟದಲ್ಲಿ ಕನ್ನಡ ಮುಗಿದಲ್ಲಿ ತೆಲುಗು ತೊಡಗುತ್ತದೆ, ನಡುವೆ ಮುಚ್ಚಿದ ಒಂದು ಬಾಗಿಲಿದೆ. ಪಾವಗಡದಲ್ಲಿ ಆ ಬಾಗಿಲು ಹಗಲಿಡೀ ತೆರೆದೇ ಇರುತ್ತದೆ. ಎರಡು ಕಾಲಗಳ ಕಥನವನ್ನು ಅಲ್ಲಿಂದ ಬರೆಯುವವರು ಸತ್ತವರನ್ನು ಗುರುತಿಸಲು ಭಾಷೆಯ ಬದಲಾವಣೆಗಿಂತ ಬೇರೆಯ ಲಕ್ಷಣವೊಂದನ್ನು ಹುಡುಕಿಕೊಳ್ಳಬೇಕಾಗುತ್ತದೆ. ಬಹುಶಃ ‘ಅಂತೆ’ಯೂ ‘ಅಟ’ವೂ ಒಟ್ಟಿಗೆ ಕಳಚಿಬೀಳುವ ಕ್ಷಣವೇ ಅಂಥದ್ದೊಂದು ಲಕ್ಷಣವಾದೀತು.