ಲಿನಕ್ಸ್‌ನ ಧ್ವನಿವ್ಯವಸ್ಥೆ: ಒಂದು ವಿಮರ್ಶೆ

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯೊಂದರಲ್ಲಿ ಬಹುಮಾಧ್ಯಮ ಸೌಕರ್ಯವು ಸುಧಾರಿಸಿತೆಂದೊಡನೆ, ಅದು ಎಷ್ಟು ಬಗೆಯ ಕಡತಗಳನ್ನು ನುಡಿಸಬಲ್ಲುದೆಂದು ಎಣಿಸುವುದು ವಾಡಿಕೆ. ಈ ಎಣಿಕೆ ಗೌಣವಾದುದು. ಒಂದೇ ಧ್ವನಿಸಾಧನವನ್ನು ಅನೇಕ ತಂತ್ರಾಂಶಗಳು ಹೇಗೆ ಹಂಚಿಕೊಳ್ಳುತ್ತವೆ, ಹಂಚಿಕೊಳ್ಳುವಾಗ ಎಷ್ಟು ವಿಳಂಬವಾಗುತ್ತದೆ ಎಂಬುವೇ ಮುಖ್ಯ ಪ್ರಶ್ನೆಗಳು. ಲಿನಕ್ಸ್‌ನ ಇತಿಹಾಸದಲ್ಲಿ ಇದು ಸ್ಪಷ್ಟವಾಗಿ ತೋರುತ್ತದೆ.

೨೦೦೩ರ ಕೊನೆಯಲ್ಲಿ ಬಂದ ೨.೬ನೆಯ ಆವೃತ್ತಿಯಲ್ಲಿ ‘ಆಲ್ಸಾ’ ಎಂಬ ಧ್ವನಿಚಾಲಕ ಸಮುದಾಯ ಸೇರಿತು. ಅದು ಯಂತ್ರದೊಡನೆ ವ್ಯವಹರಿಸುತ್ತಿತ್ತು. ಅದರ ಮೇಲಿನ ಹಂಚಿಕೆಯ ಹೊಣೆಯನ್ನು ಎರಡು ಸೇವಾತಂತ್ರಾಂಶಗಳು ಎರಡು ದಿಕ್ಕಿಗೆ ಎಳೆದುವು. ಪಾಲ್ ಡೇವಿಸ್ ರಚಿಸಿದ ‘ಜ್ಯಾಕ್’ ವಿಳಂಬವನ್ನು ಸಹಿಸದ ಸಂಗೀತಗಾರರಿಗಾಗಿ. ೨೦೦೭ರಲ್ಲಿ ಫೆಡೋರಾ ೮ ಅಂಗೀಕರಿಸಿದ ‘ಪಲ್ಸ್ ಆಡಿಯೊ’ ಸಾಮಾನ್ಯ ಬಳಕೆದಾರರಿಗಾಗಿ. ಇವೆರಡೂ ಒಂದೇ ಯಂತ್ರದಲ್ಲಿ ಸುಲಭವಾಗಿ ಒಗ್ಗಲಿಲ್ಲ. ಪಲ್ಸ್ ಆಡಿಯೊ ಆಗ ಬಹಳ ದೂಷಣೆಗೆ ಗುರಿಯಾಯಿತು. ಅದರಲ್ಲೊಂದು ಪಾಲು ಅನ್ಯಾಯವೇ ಸರಿ, ಏಕೆಂದರೆ ಚಾಲಕಗಳಲ್ಲಿ ಮೊದಲೇ ಅಡಗಿದ್ದ ದೋಷಗಳನ್ನು ಅದು ಬಯಲಿಗೆಳೆದಿತ್ತು.

ವಿಮ್ ಟೈಮನ್ಸ್ ಅವರ ‘ಪೈಪ್‌ವೈರ್’ ಮೊದಲು ಚಿತ್ರಪ್ರವಾಹಕ್ಕಾಗಿ ಹುಟ್ಟಿ, ಅನಂತರ ಧ್ವನಿಗೂ ವಿಸ್ತರಿಸಿತು. ೨೦೨೧ರಲ್ಲಿ ಫೆಡೋರಾ ೩೪ ಅದನ್ನು ಧ್ವನಿಗೆ ಬಳಸಿಕೊಂಡಿತು, ೧.೦ ಆವೃತ್ತಿ ೨೦೨೩ರಲ್ಲಿ ಬಂದಿತು. ಹಳೆಯ ಎರಡು ಸೇವೆಗಳ ಭಾಷೆಯನ್ನೂ ಅದು ಬಲ್ಲುದಾದ್ದರಿಂದ ಸಾವಿರಾರು ತಂತ್ರಾಂಶಗಳನ್ನು ತಿದ್ದಿ ಬರೆಯಬೇಕಾಗಲಿಲ್ಲ. ಅದರ ಗೆಲುವಿಗೆ ಹೊಸತನಕ್ಕಿಂತ ಈ ವಿನಯವೇ ಹೆಚ್ಚು ಕಾರಣವೆಂದು ನನ್ನ ಮತ.

ಆದರೆ ಅದರ ಒಂದು ನಿಯಮ ವಿಚಾರಾರ್ಹವಾದುದು. ಧ್ವನಿಯು ಕಂತುಕಂತಾಗಿ ಹರಿಯುತ್ತದೆ. ಸೆಕೆಂಡಿಗೆ ೪೮,೦೦೦ ಮಾದರಿಗಳಿದ್ದಲ್ಲಿ, ೧,೦೨೪ ಮಾದರಿಗಳ ಕಂತೊಂದರ ಅವಧಿ ಸುಮಾರು ೨೧ ಮಿಲಿಸೆಕೆಂಡು. ೬೪ರ ಕಂತಿಗೆ ಸುಮಾರು ೧.೩. ಚಲನಚಿತ್ರ ನೋಡುವವನಿಗೆ ಮೊದಲನೆಯದು ಧಾರಾಳವಾಗಿ ಸಾಕು. ತನ್ನ ಕಂಠವನ್ನೇ ಕಿವಿಸಾಧನದಲ್ಲಿ ಕೇಳುತ್ತ ಹಾಡುವವನಿಗೆ ಅದು ತೊಡಕು. ಪೈಪ್‌ವೈರ್‌ನಲ್ಲಿ, ಒಂದೇ ಸಾಧನಕ್ಕೆ ಕೂಡಿಕೊಂಡ ತಂತ್ರಾಂಶಗಳಲ್ಲಿ ಅತ್ಯಂತ ಚಿಕ್ಕ ಕಂತನ್ನು ಬೇಡಿದುದರ ಮಾತೇ ಎಲ್ಲಕ್ಕೂ ಅನ್ವಯಿಸುತ್ತದೆ. ಆಗ ಸಂಸ್ಕಾರಕವು ಸೆಕೆಂಡಿಗೆ ಸುಮಾರು ೪೭ ಸಲ ಎಚ್ಚರಗೊಳ್ಳುವ ಬದಲು ೭೫೦ ಸಲ ಎಚ್ಚರಗೊಳ್ಳಬೇಕು. ಸಂಗೀತಶಾಲೆಯ ಯಂತ್ರಕ್ಕೆ ಇದು ನ್ಯಾಯ. ಬ್ಯಾಟರಿಯನ್ನೇ ನೆಚ್ಚಿದ ವಿದ್ಯಾರ್ಥಿಯ ಲ್ಯಾಪ್‌ಟಾಪಿಗೆ, ಯಾವುದೋ ಒಂದು ತಂತ್ರಾಂಶದ ದುರಾಶೆಯ ದಂಡವನ್ನು ಉಳಿದುವೆಲ್ಲ ತೆತ್ತಂತೆ. ಕಂತಿನ ಕನಿಷ್ಠ ಮಿತಿಯನ್ನು ಸಂಯೋಜನೆಯ ಕಡತದಲ್ಲಿ ಬದಲಿಸಬಹುದೆಂಬುದು ನಿಜ; ಆದರೆ ಆ ಕಡತವನ್ನು ತೆರೆಯಬಲ್ಲವನು ಸಾಮಾನ್ಯ ಬಳಕೆದಾರನಲ್ಲ.